ಆಂಡೀಸ್‌ನ ಮಗ್ಗದ ಹಳ್ಳಿಗಳು: ಕುಸ್ಕೊ, ಸುಕ್ರೆ, ಪುನೊ, ಕೀಟೊ, ಕ್ವೆಂಕಾ – ಯಾವ ದಾರಿ ಹಿಡಿಯುವುದು?

ದಕ್ಷಿಣ ಅಮೆರಿಕ ಪ್ರವಾಸ ಅಂದ ಕೂಡಲೇ ಎಲ್ಲರ ಬಾಯಲ್ಲೂ ಮಾಚು ಪಿಚು. ಅದು ನೋಡಬೇಕಾದ ಜಾಗ, ಎರಡು ಮಾತಿಲ್ಲ. ಆದರೆ ಈ ಬರಹ ಇನ್ನೊಂದು ಆಸೆ ಇಟ್ಟುಕೊಂಡವರಿಗೆ. ಸ್ಪೇನಿನವರು ಕಟ್ಟಿದ ಹಳೇ ಊರಿನ ಕಲ್ಲುಬೀದಿಯಲ್ಲಿ ಓಡಾಡಬೇಕು, ಮಾರನೇ ದಿನ ಹತ್ತಿರದ ಹಳ್ಳಿಗೆ ಹೋಗಿ ಮಗ್ಗದ ಪಕ್ಕ ಕೂರಬೇಕು, ಬಟ್ಟೆ ಹೇಗೆ ಹುಟ್ಟುತ್ತದೆ ಅಂತ ಕಣ್ಣಾರೆ ನೋಡಬೇಕು ಅನ್ನುವವರಿಗೆ.

ನನ್ನ ಅಜ್ಜಿಯ ಊರು ಗುಳೇದಗುಡ್ಡ. ಖಣದ ಮಗ್ಗದ ಸದ್ದು ಕೇಳಿಕೊಂಡೇ ಬೇಸಿಗೆ ರಜೆ ಕಳೆದವಳು ನಾನು. ಹಾಗಾಗಿ ಎಲ್ಲಿಗೆ ಹೋದರೂ ಮೊದಲು ಕಣ್ಣು ಹೋಗುವುದು ಬಟ್ಟೆಯ ಮೇಲೆ. ಆಂಡೀಸ್‌ಗೆ ಹೊರಡುವ ಗೆಳತಿಯರು ಕೇಳಿದಾಗಲೆಲ್ಲ ನಾನು ಹೇಳುವ ಮಾತು ಒಂದೇ: ಮೊದಲು ಯಾವ ನೇಯ್ಗೆ ನೋಡಬೇಕು ಅಂತ ತೀರ್ಮಾನ ಮಾಡಿ, ಊರು ಆಮೇಲೆ ತಾನೇ ಗೊತ್ತಾಗುತ್ತದೆ. ಎಲ್ಲರೂ ಇದನ್ನು ತಿರುಗುಮುರುಗು ಮಾಡುತ್ತಾರೆ. ದೊಡ್ಡ ಊರು ಆರಿಸಿ, ಅದರ ಜೊತೆ ಅರ್ಧ ದಿನದ ಹಳ್ಳಿಯನ್ನು ಸೇರಿಸುತ್ತಾರೆ. ಆ ಅರ್ಧ ದಿನದಲ್ಲಿ ಇಪ್ಪತ್ತು ನಿಮಿಷ ಬಣ್ಣ ಹಾಕುವುದನ್ನು ತೋರಿಸುತ್ತಾರೆ, ಉಳಿದ ಹೊತ್ತೆಲ್ಲ ಅಂಗಡಿ.

ಪೆರು, ಬೊಲಿವಿಯಾ, ಎಕ್ವಡಾರ್ ಮೂರೂ ಸೇರಿ ಐದು ದಾರಿಗಳನ್ನು ಇಲ್ಲಿ ಹೋಲಿಸಿದ್ದೇನೆ. ಐದಕ್ಕೂ ಸಮನಾಗಿ ಜಾಗ ಕೊಟ್ಟಿಲ್ಲ. ನನಗೆ ಯಾವುದು ಜಾಸ್ತಿ ಮುಖ್ಯ ಅನಿಸಿತೋ ಅಲ್ಲಿ ಜಾಸ್ತಿ ಹೊತ್ತು ನಿಂತಿದ್ದೇನೆ.

ಮೊದಲು ಎತ್ತರದ ವಿಷಯ

ಇದನ್ನು ಮೊದಲೇ ಹೇಳುವುದಕ್ಕೆ ಕಾರಣ ಇದೆ. ನಮ್ಮ ಮುಳ್ಳಯ್ಯನಗಿರಿಯ ತುದಿ ಸುಮಾರು 1,930 ಮೀಟರ್. ಪೆರುವಿನ ಕುಸ್ಕೊ ನಗರವೇ 3,400 ಮೀಟರ್ ಎತ್ತರದಲ್ಲಿದೆ. ಪುನೊ 3,800 ದಾಟುತ್ತದೆ, ಬೊಲಿವಿಯಾದ ಪೊಟೊಸಿ 4,000 ದಾಟುತ್ತದೆ. ವಿಮಾನದಿಂದ ನೇರ ಅಲ್ಲಿ ಇಳಿದರೆ ತಲೆನೋವು, ವಾಕರಿಕೆ, ನಿದ್ದೆ ಬಾರದಿರುವುದು ಮಾಮೂಲು. ವಯಸ್ಸು ಚಿಕ್ಕದು, ಮೈ ಗಟ್ಟಿ ಅಂತ ಬೆಟ್ಟ ಯಾರನ್ನೂ ಬಿಡುವುದಿಲ್ಲ.

ಅದೇ ಪೆರುವಿನ ಅರೆಕಿಪಾ ಸುಮಾರು 2,300 ಮೀಟರ್, ಕ್ವೆಂಕಾ 2,550, ಸುಕ್ರೆ 2,800, ಕೀಟೊ 2,850. ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವವರು ಈ ನಾಲ್ಕರಲ್ಲಿ ಒಂದರಿಂದ ಶುರು ಮಾಡಿ. ಹೃದಯ, ಬಿಪಿ, ಉಸಿರಾಟದ ತೊಂದರೆ ಇದ್ದರೆ ಹೊರಡುವ ಮುಂಚೆ ಡಾಕ್ಟರ್ ಹತ್ತಿರ ಮಾತಾಡಲೇಬೇಕು. ಎತ್ತರಕ್ಕೆ ತೆಗೆದುಕೊಳ್ಳುವ ಮಾತ್ರೆಯನ್ನೂ ಅವರನ್ನು ಕೇಳಿಯೇ ತೆಗೆದುಕೊಳ್ಳಿ.

ಕುಸ್ಕೊಗೇ ಹೋಗುವುದಾದರೆ ಒಂದು ಉಪಾಯ ಇದೆ. ವಿಮಾನ ನಿಲ್ದಾಣದಿಂದ ನೇರ ಓಯಂತಾಯ್‌ತಂಬೊ ಕಡೆಗೆ ಇಳಿದುಬಿಡಿ. ಅದು ಕಣಿವೆಯಲ್ಲಿದೆ, ಸುಮಾರು 2,800 ಮೀಟರ್. ಎರಡು ರಾತ್ರಿ ಅಲ್ಲಿದ್ದು, ಹಳ್ಳಿಗಳನ್ನು ಮುಗಿಸಿಕೊಂಡು, ಕೊನೆಗೆ ಕುಸ್ಕೊಗೆ ಬನ್ನಿ. ಮೈಗೂ ಒಳ್ಳೆಯದು, ಹಳ್ಳಿ ನೋಡಿದ ಮೇಲೆ ಊರು ಚೆನ್ನಾಗಿ ಅರ್ಥವಾಗುತ್ತದೆ.

ಕುಸ್ಕೊ ಮತ್ತು ಚಿಂಚೆರೊ

ಮೊದಲ ಸಲ ಹೋಗುವವರಿಗೆ ನನ್ನ ಉತ್ತರ ಇದೇ. ಬಟ್ಟೆಗೂ ಊರಿಗೂ ಇರುವ ನಂಟು ಇಲ್ಲಿ ಗೋಡೆಯ ಮೇಲೇ ಕಾಣುತ್ತದೆ.

ಊರ ನಡುವಿನ ಚೌಕದಿಂದ ಲೊರೆತೊ ಅನ್ನುವ ಸಣ್ಣ ಓಣಿ ಹೊರಡುತ್ತದೆ. ಎರಡೂ ಕಡೆ, ಸ್ಪೇನಿನವರು ಬರುವ ಮುಂಚೆ ಈ ನಾಡನ್ನು ಆಳಿದ ಇಂಕಾಗಳ ಕಾಲದ ಕಲ್ಲುಗೋಡೆ. ಗಾರೆ ಇಲ್ಲ, ಒಂದು ಕಲ್ಲಿಗೆ ಇನ್ನೊಂದು ಕಲ್ಲು ಅಂಟಿಕೊಂಡ ಹಾಗೆ ಕೂತಿದೆ. ಒಂದು ಬದಿಯ ಗೋಡೆ ಅಕ್ಯವಾಸಿಯದು. ಅಕ್ಯವಾಸಿ ಅಂದರೆ ಆರಿಸಿ ತಂದ ಹೆಣ್ಣುಮಕ್ಕಳ ಮನೆ. ಅರಸನಿಗೂ ದೇವರಿಗೂ ಬೇಕಾದ ಅತಿ ನಯವಾದ ಬಟ್ಟೆ ನೇಯುವುದು ಅವರ ಕೆಲಸವಾಗಿತ್ತು. ಇಂಕಾ ರಾಜ್ಯದಲ್ಲಿ ಚಿನ್ನಕ್ಕಿಂತ ಅಂಥ ಬಟ್ಟೆಗೆ ಬೆಲೆ ಜಾಸ್ತಿ. ಸೈನಿಕರಿಗೆ ಉಡುಗೊರೆಯಾಗಿ ಕೊಡುತ್ತಿದ್ದುದು ಬಟ್ಟೆ, ದೇವರ ಮುಂದೆ ಸುಡುತ್ತಿದ್ದುದೂ ಬಟ್ಟೆ. 1533ರಲ್ಲಿ ಸ್ಪೇನಿನವರು ಬಂದರು. ಆ ಮನೆಯ ಜಾಗದಲ್ಲಿ ಸಾಂತಾ ಕತಲಿನಾ ಕನ್ಯಾಮಠ ಎದ್ದಿತು. ನೇಯುವ ಹೆಣ್ಣುಮಕ್ಕಳ ಗೋಡೆಯ ಮೇಲೆ ಸನ್ಯಾಸಿನಿಯರ ಗೋಡೆ. ಓಣಿಯಲ್ಲಿ ನಿಂತು ಆ ಕಲ್ಲಿನ ಮೇಲೆ ಕೈಯಿಟ್ಟಾಗ ನನಗೆ ಸ್ವಲ್ಪ ಹೊತ್ತು ಮಾತೇ ಬರಲಿಲ್ಲ.

ಕೊರಿಕಾಂಚಾದ್ದೂ ಇದೇ ಕಥೆ. ಇಂಕಾಗಳ ಸೂರ್ಯ ದೇವಾಲಯದ ಮೇಲೆ ಸಾಂತೊ ದೊಮಿಂಗೊ ಮಠ ಕಟ್ಟಿದರು. 1950ರ ಭೂಕಂಪದಲ್ಲಿ ಮಠ ಬಿರುಕು ಬಿಟ್ಟಿತು, ಒಳಗಿದ್ದ ಇಂಕಾ ಗೋಡೆಗಳು ಅಲುಗಾಡದೆ ಹೊರಗೆ ಕಂಡವು. ಪ್ರಧಾನ ಚರ್ಚಿನಲ್ಲಿ ಯೇಸುವಿನ ಕೊನೆಯ ಭೋಜನದ ಚಿತ್ರವನ್ನು ತಪ್ಪದೆ ನೋಡಿ. ಮಾರ್ಕೊಸ್ ಸಪಾತಾ ಬರೆದದ್ದು. ಮೇಜಿನ ನಡುವೆ ತಟ್ಟೆಯಲ್ಲಿರುವುದು ಆ ಬೆಟ್ಟದ ಜನ ತಿನ್ನುವ ಕುಯ್, ಅಂದರೆ ಗಿನಿಯಿಲಿ.

ಇಲ್ಲಿಂದ ಚಿಂಚೆರೊ ಸುಮಾರು 30 ಕಿಲೋಮೀಟರ್. 3,760 ಮೀಟರ್ ಎತ್ತರದ ಊರು. ಇಂಕಾ ಅರಸ ತುಪಾಕ್ ಯುಪಾಂಕಿಯ ಅರಮನೆ ಇದ್ದ ಕಡೆ 1607ರ ಸಣ್ಣ ಬಿಳಿ ಚರ್ಚು ಇದೆ. ಒಳಗೆ ಮರದ ಸೂರಿನ ತುಂಬಾ ಬಣ್ಣದ ಚಿತ್ತಾರ.

ನೇಯ್ಗೆ ತೋರಿಸುವ ಅಂಗಳಗಳು ಊರ ತುಂಬಾ ಇವೆ. ಮೊದಲು ಒಂದು ಬೇರನ್ನು ತುರಿದು ನೀರಿಗೆ ಹಾಕಿ ನೊರೆ ಬರಿಸುತ್ತಾರೆ, ನಮ್ಮ ಅಂಟುವಾಳದ ಹಾಗೆ. ಕೊಳಕು ಉಣ್ಣೆಯನ್ನು ಅದರಲ್ಲಿ ಅದ್ದಿ ಹಿಂಡಿದರೆ ಬೆಳ್ಳಗಾಗುತ್ತದೆ. ಆಮೇಲೆ ಬಣ್ಣ. ನಾನು ಕೂತಿದ್ದ ಅಂಗಳದಲ್ಲಿ ಒಬ್ಬ ಹೆಂಗಸು ಪಾಪಾಸುಕಳ್ಳಿಯ ಎಲೆ ತಂದು ತೋರಿಸಿದಳು. ಅದರ ಮೇಲೆ ಬೂದಿ ಉದುರಿಸಿದ ಹಾಗೆ ಬಿಳಿ ಚುಕ್ಕಿಗಳು. ಒಂದನ್ನು ಉಗುರಿನಿಂದ ಕೆರೆದು ನನ್ನ ಅಂಗೈ ಮೇಲೆ ಒತ್ತಿದಳು. ಕಡು ಕೆಂಪು. ಕೊಚಿನಿಯಾ ಹುಳು ಅದು. ಅದರ ಮೇಲೆ ನಿಂಬೆರಸ ಒಂದು ಹನಿ ಬಿಟ್ಟಳು, ಕೆಂಪು ಕಿತ್ತಳೆಗೆ ತಿರುಗಿತು. ಈ ಹುಳುವಿನ ಕೆಂಪು ಸ್ಪೇನಿನ ವ್ಯಾಪಾರದಲ್ಲಿ ಬೆಳ್ಳಿಯ ಜೊತೆಗೆ ನಿಲ್ಲುವಷ್ಟು ದುಬಾರಿ ಸರಕಾಗಿತ್ತು. ನಮ್ಮ ಬೇಲಿಗಳಲ್ಲಿ ಬೆಳೆದ ಪಾಪಾಸುಕಳ್ಳಿಯೂ ಅಮೆರಿಕ ಖಂಡದಿಂದಲೇ ಬಂದ ಗಿಡ. ಈಸ್ಟ್ ಇಂಡಿಯಾ ಕಂಪನಿಯವರು ಮದ್ರಾಸಿನ ಕಡೆ ಈ ಹುಳು ಸಾಕಲು ಹೊರಟಿದ್ದರು, ಒಳ್ಳೆ ಜಾತಿಯ ಹುಳು ಸಿಗದೆ ಕೈಗೂಡಲಿಲ್ಲ.

ಮಗ್ಗ ನೋಡಿದರೆ ನಮ್ಮವರಿಗೆ ಆಶ್ಚರ್ಯವಾಗುತ್ತದೆ. ನಮ್ಮ ಗುಂಡಿಮಗ್ಗದಂಥ ಚೌಕಟ್ಟೇ ಇಲ್ಲ. ನಾಲ್ಕು ಕಡ್ಡಿ, ಒಂದು ಪಟ್ಟಿ ಅಷ್ಟೇ. ಹಾಸಿನ, ಅಂದರೆ ಉದ್ದನೆಯ ಎಳೆಗಳ, ಒಂದು ತುದಿ ಗೂಟಕ್ಕೆ, ಇನ್ನೊಂದು ತುದಿ ನೇಯುವವಳ ಸೊಂಟಕ್ಕೆ. ಹಿಂದಕ್ಕೆ ವಾಲಿದರೆ ಹಾಸು ಬಿಗಿ, ಮುಂದಕ್ಕೆ ಬಾಗಿದರೆ ಸಡಿಲ. ಮೈಯೇ ಮಗ್ಗದ ಅರ್ಧ. ನಾಗಾಲ್ಯಾಂಡ್, ಮಣಿಪುರದ ಕಡೆ ಇಂಥದ್ದೇ ಮಗ್ಗ ಇದೆ. ಹೊಕ್ಕಿನ ಅಡ್ಡ ಎಳೆಯನ್ನು ಬಡಿದು ಕೂರಿಸುವುದಕ್ಕೆ ಲಾಮಾದ ಮೂಳೆಯ ಚೂಪು ಕಡ್ಡಿ, ಅದಕ್ಕೆ ರುಕಿ ಅನ್ನುತ್ತಾರೆ. ಚಿತ್ತಾರ ಪೂರ್ತಿ ಹಾಸಿನಲ್ಲೇ ಇರುತ್ತದೆ, ಹೊಕ್ಕು ಒಳಗೆ ಅಡಗಿರುತ್ತದೆ. ಆ ಹೆಂಗಸು ಎಳೆಗಳನ್ನು ಬೆರಳಲ್ಲಿ ಎಣಿಸಿ ಎತ್ತುತ್ತಿದ್ದಳು. ಮುಂದೆ ಕಾಗದ ಇಲ್ಲ, ನಕಾಶೆ ಇಲ್ಲ. ಅಜ್ಜಿ ಬಾಯಲ್ಲಿ ಎಣಿಕೆ ಹೇಳಿಕೊಂಡು ಖಣ ನೇಯುತ್ತಿದ್ದುದು ನೆನಪಾಯಿತು.

ಕುಸ್ಕೊದಲ್ಲಿ ಯಾವುದು ನಿಜವಾದ ಕೈನೇಯ್ಗೆ ಅಂತ ತಿಳಿಯಬೇಕಾದರೆ ಮೊದಲು ಕೊರಿಕಾಂಚಾದ ಹತ್ತಿರವೇ ಇರುವ ಸೆಂತ್ರೊ ದೆ ತೆಕ್ಸ್ತಿಲೆಸ್ ತ್ರದಿಸಿಯೊನಾಲೆಸ್ ದೆಲ್ ಕುಸ್ಕೊ ಅನ್ನುವ ಸಂಸ್ಥೆಗೆ ಹೋಗಿ. ಚಿಂಚೆರೊದವರೇ ಆದ ನಿಲ್ದಾ ಕಯಾನ್ಯಾವ್‌ಪಾ 1996ರಲ್ಲಿ ಶುರು ಮಾಡಿದ್ದು. ಹತ್ತು ಹಳ್ಳಿಗಳ ನೇಕಾರರು ಇದರಲ್ಲಿದ್ದಾರೆ. ಮಾರಾಟದ ಚೀಟಿಯ ಮೇಲೆ ನೇಯ್ದವರ ಹೆಸರಿರುತ್ತದೆ. ಬೆಲೆ ಸಂತೆಗಿಂತ ಜಾಸ್ತಿ. ಕೊಳ್ಳದಿದ್ದರೂ ಪರವಾಗಿಲ್ಲ, ಒಂದು ಗಂಟೆ ನೋಡಿ ಬನ್ನಿ. ಆಮೇಲೆ ಹತ್ತಿರದ ಪಿಸಾಕ್ ಊರಿನ ಸಂತೆಯಲ್ಲಿ ನಿಮ್ಮ ಕೈಗೆ ವ್ಯತ್ಯಾಸ ತಾನೇ ಗೊತ್ತಾಗುತ್ತದೆ.

ಕುಸ್ಕೊ ದಾರಿಯ ಕೊರತೆಯೂ ಹೇಳಬೇಕು. ಜನ ಜಾಸ್ತಿ. ಒಂದು ಪ್ಯಾಕೇಜಿನಲ್ಲಿ ನಮ್ಮನ್ನು ಚಿಂಚೆರೊದ ಒಂದು ಅಂಗಳಕ್ಕೆ ಕರೆದೊಯ್ದರು, ಬಣ್ಣ ತೋರಿಸಿ ಮುಗಿಸುವಷ್ಟರಲ್ಲಿ ಗೈಡ್ ಬಸ್ ಹತ್ತಿ ಅಂದ. ಮಾರನೇ ದಿನ ನಾವೇ ವ್ಯಾನ್ ಹಿಡಿದು ಮತ್ತೆ ಹೋದೆವು. ಮೇಲೆ ಹೇಳಿದ ಅಂಗಳದಲ್ಲಿ ಮಧ್ಯಾಹ್ನ ಪೂರ್ತಿ ಕೂತದ್ದು ಆಗಲೇ. ಗಲಾಟೆ ಬೇಡ ಅನ್ನುವವರು ಓಯಂತಾಯ್‌ತಂಬೊದಿಂದ ಮೇಲೆ ಹತ್ತಿ ವಿಯೋಕ್, ಪತಕಾಂಚಾ ಹಳ್ಳಿಗಳಿಗೆ ಹೋಗಬಹುದು. ಅಲ್ಲಿ ಕೆಂಪು ಪೊಂಚೊ ಹೊದ್ದು ಹೊಲಕ್ಕೆ ಹೋಗುವವರನ್ನು ನೋಡುತ್ತೀರಿ. ಪ್ರವಾಸಿಗಳಿಗಾಗಿ ಹಾಕಿದ ವೇಷ ಅಲ್ಲ ಅದು.

ಸುಕ್ರೆ, ತರಾಬುಕೊ ಮತ್ತು ಹಾಲ್ಕಾ ಹಳ್ಳಿಗಳು

ಬಟ್ಟೆಗಾಗಿಯೇ ಹೋಗುವವರಿಗೆ, ಅಥವಾ ಎರಡನೇ ಸಲ ಆಂಡೀಸ್‌ಗೆ ಹೋಗುವವರಿಗೆ, ನಾನು ಕಣ್ಣು ಮುಚ್ಚಿಕೊಂಡು ಹೇಳುವ ಹೆಸರು ಸುಕ್ರೆ.

ಬೊಲಿವಿಯಾದ ಈ ಊರು ಪೂರ್ತಿ ಬಿಳಿ. ಬಿಳಿ ಗೋಡೆ, ಕೆಂಪು ಹೆಂಚು, ಮರದ ಬಾಲ್ಕನಿ. 1538ರಲ್ಲಿ ಹುಟ್ಟಿದ ಊರು, ಆಗ ಹೆಸರು ಲಾ ಪ್ಲಾತಾ, ಅಂದರೆ ಬೆಳ್ಳಿ. 1825ರ ಆಗಸ್ಟ್ 6ರಂದು ಬೊಲಿವಿಯಾದ ಸ್ವಾತಂತ್ರ್ಯ ಘೋಷಣೆಯಾದದ್ದು ಇಲ್ಲಿನ ಕಾಸಾ ದೆ ಲಾ ಲಿಬೆರ್ತಾದ್‌ನಲ್ಲಿ. ಹವೆ ಹಿತವಾಗಿದೆ, ಎತ್ತರ ಸಹಿಸುವಷ್ಟಿದೆ, ಜನಜಂಗುಳಿ ಇಲ್ಲ. ಸಂಜೆ ಚೌಕದ ಬೆಂಚಿನ ಮೇಲೆ ಸುಮ್ನೆ ಕೂರುವುದಕ್ಕೂ ಚೆಂದ.

ರೆಕೊಲೆತಾ ಗುಡ್ಡದ ಹತ್ತಿರ ಅಸುರ್ ಸಂಸ್ಥೆಯವರ ವಸ್ತುಸಂಗ್ರಹಾಲಯ ಇದೆ. ವೆರೋನಿಕಾ ಸೆರೆಸೆದಾ ಮತ್ತು ಗೇಬ್ರಿಯೆಲ್ ಮಾರ್ಟಿನೆಸ್ ಎಂಬ ಮಾನವಶಾಸ್ತ್ರಜ್ಞರು ಕಟ್ಟಿದ ಸಂಸ್ಥೆ ಇದು. ಮರೆಯಾಗುತ್ತಿದ್ದ ನೇಯ್ಗೆಗೆ 1980ರ ದಶಕದಲ್ಲಿ ಮತ್ತೆ ಜೀವ ಬಂದದ್ದು ಇವರ ಕೆಲಸದಿಂದ. ಹಳ್ಳಿಗೆ ಹೋಗುವ ಮುಂಚೆ ಇಲ್ಲಿ ಅರ್ಧ ದಿನ ಕಳೆಯಲೇಬೇಕು. ಎರಡು ಜನಾಂಗಗಳ ಬಟ್ಟೆಯನ್ನು ಅಕ್ಕಪಕ್ಕದಲ್ಲಿ ನೋಡುತ್ತೀರಿ. ತರಾಬುಕೊದವರದು ಅಚ್ಚುಕಟ್ಟು: ಸಾಲಾಗಿ ಪಟ್ಟಿಗಳು, ಪಟ್ಟಿಯೊಳಗೆ ಕುದುರೆ, ಉಳುವವರು, ಮದುವೆ, ಕುಣಿತ. ಊರಿನ ದಿನಚರಿಯೇ ಬಟ್ಟೆಯಲ್ಲಿದೆ.

ಹಾಲ್ಕಾ ಜನರದು ಇದಕ್ಕೆ ಪೂರ್ತಿ ಉಲ್ಟಾ. ಕೆಂಪು ಮತ್ತು ಕಪ್ಪು, ಅಷ್ಟೇ ಬಣ್ಣ. ಸಾಲಿಲ್ಲ, ಪಟ್ಟಿಯಿಲ್ಲ, ಮೇಲೆ ಕೆಳಗೆ ಅಂತ ಇಲ್ಲ. ರೆಕ್ಕೆ ಇರುವ ನಾಲ್ಕು ಕಾಲಿನ ಪ್ರಾಣಿ, ಹೊಟ್ಟೆಯೊಳಗೆ ಇನ್ನೊಂದು ಪ್ರಾಣಿ ಇಟ್ಟುಕೊಂಡ ಹಕ್ಕಿ, ತಲೆಕೆಳಗಾಗಿ ತೇಲುವ ಮೃಗಗಳು. ಇವಕ್ಕೆ ಖುರು ಅನ್ನುತ್ತಾರೆ, ಪಳಗದ ಕಾಡುಜೀವಗಳು ಅಂತ ಅರ್ಥ. ಮೊದಲ ಸಲ ನೋಡಿದಾಗ ಯಾವುದು ಹಿನ್ನೆಲೆ, ಯಾವುದು ಪ್ರಾಣಿ ಅಂತ ಕಣ್ಣಿಗೆ ಹಿಡಿಯುವುದಿಲ್ಲ. ಎರಡು ನಿಮಿಷ ನಿಂತು ನೋಡಿದರೆ ಒಂದೊಂದೇ ಪ್ರಾಣಿ ಕತ್ತಲೆಯಿಂದ ಹೊರಗೆ ಬಂದ ಹಾಗೆ ಕಾಣಿಸುತ್ತದೆ. ನಾನು ಇದುವರೆಗೆ ನೋಡಿದ ಬಟ್ಟೆಗಳಲ್ಲಿ ಇಷ್ಟು ಮನಸ್ಸು ಹಿಡಿದದ್ದು ಬೇರೆ ಇಲ್ಲ.

ತರಾಬುಕೊ ಸುಕ್ರೆಯಿಂದ ಸುಮಾರು 65 ಕಿಲೋಮೀಟರ್. ಭಾನುವಾರ ಸಂತೆ. ಗಂಡಸರು ತಲೆಗೆ ಹಾಕುವ ಚರ್ಮದ ಟೊಪ್ಪಿಗೆ ಸ್ಪೇನಿನ ಸೈನಿಕರ ಶಿರಸ್ತ್ರಾಣದ ಆಕಾರ. ಸೋಲಿಸಿ ಆಳಿದವರ ಟೊಪ್ಪಿಗೆಯನ್ನೇ ತಮ್ಮ ಗುರುತು ಮಾಡಿಕೊಂಡಿದ್ದಾರೆ. ಮಾರ್ಚ್‌ನಲ್ಲಿ ಪುಹ್ಯಾಯ್ ಹಬ್ಬ, ಸ್ಪೇನಿನವರ ವಿರುದ್ಧ ನಡೆದ 1816ರ ಹುಂಬಾತೆ ಕಾಳಗದ ನೆನಪಿಗೆ. ಯುನೆಸ್ಕೊ 2014ರಲ್ಲಿ ಇದನ್ನು ತನ್ನ ಪಟ್ಟಿಗೆ ಸೇರಿಸಿತು. ಹಾಲ್ಕಾ ಹಳ್ಳಿಗಳಾದ ಪೊಟೊಲೊ, ಮರಾಗ್ವಾಗಳಿಗೆ ಹೋಗುವುದು ಸ್ವಲ್ಪ ಕಷ್ಟ. ಮಣ್ಣುದಾರಿ, ಒಂದು ರಾತ್ರಿ ಅಲ್ಲೇ ಉಳಿಯುವುದು ಲೇಸು. ಮರಾಗ್ವಾದ ಸುತ್ತ ಬೆಟ್ಟ ಬಟ್ಟಲಿನ ಹಾಗೆ ಎದ್ದು ನಿಂತಿದೆ, ಬಂಡೆಯಲ್ಲಿ ಅಲೆ ಅಲೆಯಾದ ಬಣ್ಣದ ಪದರಗಳು.

ಇಷ್ಟು ದೂರ ಬಂದ ಮೇಲೆ ಪೊಟೊಸಿಯನ್ನು ಬಿಡಬೇಡಿ, ಮೂರು ಗಂಟೆ ದಾರಿ. 1545ರಲ್ಲಿ ಅಲ್ಲಿನ ಸೆರ್ರೊ ರಿಕೊ ಬೆಟ್ಟದಲ್ಲಿ ಬೆಳ್ಳಿ ಸಿಕ್ಕಿತು. ಮಿತಾ ಎಂಬ ಬಲವಂತದ ದುಡಿಮೆಯ ಕಟ್ಟಳೆಯಲ್ಲಿ ದೂರದ ಹಳ್ಳಿಗಳ ಗಂಡಸರನ್ನು ಸರದಿಯ ಮೇಲೆ ಗಣಿಗೆ ಎಳೆದು ತಂದರು. ಎಷ್ಟೋ ಜನ ತಿರುಗಿ ಹೋಗಲಿಲ್ಲ. ಆ ಬೆಳ್ಳಿಯ ನಾಣ್ಯ ಯುರೋಪು ದಾಟಿ ಏಷ್ಯಾದ ಬಂದರುಗಳಿಗೂ ಬಂತು. ಸುಕ್ರೆಯ ಬಿಳಿ ಗೋಡೆಗಳಿಗೆ ಹಣ ಎಲ್ಲಿಂದ ಬಂತು ಅಂತ ಅಲ್ಲಿನ ಟಂಕಸಾಲೆ ನೋಡಿದರೆ ಗೊತ್ತಾಗುತ್ತದೆ. ಗಣಿಯೊಳಗೆ ಕರೆದೊಯ್ಯುವ ಪ್ರವಾಸಗಳೂ ಇವೆ, ನಾನು ಹೋಗಲಿಲ್ಲ. ಅಲ್ಲಿ ಜನ ಇನ್ನೂ ಜೀವ ಪಣಕ್ಕಿಟ್ಟು ದುಡಿಯುತ್ತಿದ್ದಾರೆ, ಅದನ್ನು ನೋಡುವುದಕ್ಕೆ ಟಿಕೆಟ್ ಕೊಳ್ಳಲು ಮನಸ್ಸು ಬರಲಿಲ್ಲ.

ಪುನೊ ಮತ್ತು ತಕೀಲೆ ದ್ವೀಪ

ಪುನೊ ಊರಿನಲ್ಲಿ ಹೇಳಿಕೊಳ್ಳುವಂಥದ್ದು ಕಡಿಮೆ. ಹೋಗುವುದು ಟಿಟಿಕಾಕಾ ಸರೋವರಕ್ಕಾಗಿ, ತಕೀಲೆಗಾಗಿ. ದೋಣಿಯಲ್ಲಿ ಸುಮಾರು ಮೂರು ಗಂಟೆ. ಇಳಿದ ಮೇಲೆ ಐನೂರಕ್ಕೂ ಜಾಸ್ತಿ ಮೆಟ್ಟಿಲು, ಅದೂ ಆ ಎತ್ತರದಲ್ಲಿ. ಮಂಡಿ ನೋವಿದ್ದವರು ಯೋಚನೆ ಮಾಡಿ.

ಇಲ್ಲಿ ಹೆಂಗಸರು ನೇಯುತ್ತಾರೆ, ಗಂಡಸರು ಕಡ್ಡಿಯಲ್ಲಿ ಹೆಣೆಯುತ್ತಾರೆ. ನಡೆಯುತ್ತಾ, ಹರಟುತ್ತಾ, ಚೌಕದ ಕಟ್ಟೆಯ ಮೇಲೆ ಕೂತು ಟೋಪಿ ಹೆಣೆಯುವ ಗಂಡಸರನ್ನು ಬೇರೆಲ್ಲೂ ಇಷ್ಟು ನೋಡಿಲ್ಲ. ಚುಲ್ಯೊ ಟೋಪಿ ಪೂರ್ತಿ ಕೆಂಪಗಿದ್ದರೆ ಮದುವೆಯಾಗಿದೆ, ತುದಿ ಬಿಳಿ ಇದ್ದರೆ ಇನ್ನೂ ಆಗಿಲ್ಲ. ಹೆಂಗಸರು ನೇಯುವ ಅಗಲದ ಸೊಂಟಪಟ್ಟಿಯಲ್ಲಿ ವರ್ಷದ ಬೇಸಾಯದ ಕೆಲಸಗಳೆಲ್ಲ ಚಿತ್ತಾರವಾಗಿ ಇರುತ್ತವೆ. ಯುನೆಸ್ಕೊ 2005ರಲ್ಲೇ ಈ ದ್ವೀಪದ ನೇಯ್ಗೆಗೆ ಮನ್ನಣೆ ಕೊಟ್ಟಿತು. ದ್ವೀಪದ ಸಹಕಾರಿ ಅಂಗಡಿಯಲ್ಲಿ ಒಂದೇ ಬೆಲೆ, ಚೌಕಾಸಿ ಇಲ್ಲ. ಬೆಳಿಗ್ಗೆ ಹೋಗಿ ಸಂಜೆ ಬರುವ ದೋಣಿಯಲ್ಲಿ ಹೋದರೆ ಉಳಿಯುವುದು ಎರಡು ಗಂಟೆ. ಯಾರದಾದರೂ ಮನೆಯಲ್ಲಿ ಒಂದು ರಾತ್ರಿ ಇರಿ. ದೋಣಿಗಳೆಲ್ಲ ಹೊರಟ ಮೇಲಿನ ತಕೀಲೆಯೇ ಬೇರೆ.

ಪುನೊಗೆ ಅರೆಕಿಪಾ ಸೇರಿಸಿಕೊಂಡರೆ ಒಳ್ಳೆ ಜೋಡಿ. ಅರೆಕಿಪಾದಲ್ಲಿ ಸಿಯಾರ್ ಎಂಬ ಬಿಳಿ ಜ್ವಾಲಾಮುಖಿ ಕಲ್ಲಿನ ಕಟ್ಟಡಗಳು, 1579ರ ಸಾಂತಾ ಕತಲಿನಾ ಮಠ. ಆ ಮಠದೊಳಗೆ ಓಣಿ, ಚೌಕ, ಅಡಿಗೆಮನೆ ಎಲ್ಲ ಇರುವ ಒಂದು ಪುಟ್ಟ ಊರೇ ಇದೆ. 1970ರವರೆಗೆ ಹೊರಗಿನವರಿಗೆ ಬಾಗಿಲು ಮುಚ್ಚಿತ್ತು. ನೇಯ್ಗೆಗೆ ಮಾತ್ರ ಅರೆಕಿಪಾ ಸಾಲದು. ಹತ್ತಿರದ ಕೋಲ್ಕಾ ಕಣಿವೆಯಲ್ಲಿ ಹೆಸರಾಗಿರುವುದು ಹೊಲಿಗೆ ಯಂತ್ರದಲ್ಲಿ ಮಾಡುವ ಕಸೂತಿ.

ಕೀಟೊ ಮತ್ತು ಒತವಾಲೊ

ಕೀಟೊದ ಹಳೇ ಊರು ಬಹಳ ದೊಡ್ಡದು, ಬಹಳ ಚೆಂದ. ಯುನೆಸ್ಕೊ 1978ರಲ್ಲಿ ಮಾಡಿದ ವಿಶ್ವ ಪರಂಪರೆಯ ತಾಣಗಳ ಮೊದಲ ಪಟ್ಟಿಯಲ್ಲೇ ಇದೆ. ಲಾ ಕೊಂಪಾನ್ಯಿಯಾ ಚರ್ಚಿನ ಒಳಗೆಲ್ಲ ಚಿನ್ನದ ರೇಕು. ಎರಡು ಗಂಟೆ ದೂರದಲ್ಲಿ ಒತವಾಲೊ, ಶನಿವಾರ ದೊಡ್ಡ ಸಂತೆ. ಸ್ಪೇನಿನವರ ಕಾಲದಲ್ಲಿ ಇಲ್ಲಿ ಒಬ್ರಾಹೆ ಅನ್ನುವ ಕಾರ್ಖಾನೆಗಳಿದ್ದವು, ಅವುಗಳಲ್ಲಿ ಜನರನ್ನು ಕೂಡಿಹಾಕಿ ನೇಯಿಸುತ್ತಿದ್ದರು. ಕಾಲಿನಲ್ಲಿ ತುಳಿಯುವ ಮಗ್ಗ ಬಂದದ್ದೂ ಆಗಲೇ. ಅವರ ಮೊಮ್ಮಕ್ಕಳು ಈಗ ಅದೇ ನೇಯ್ಗೆ ಹಿಡಿದು ಲೋಕವೆಲ್ಲ ವ್ಯಾಪಾರ ಮಾಡುತ್ತಾರೆ. ಅದಕ್ಕೆ ನನಗೆ ಬಹಳ ಗೌರವ ಇದೆ. ಆದರೆ ಸಂತೆಯ ಸರಕಿನಲ್ಲಿ ಯಂತ್ರದ್ದೇ ಜಾಸ್ತಿ. ಕೈಮಗ್ಗ ನೋಡಬೇಕಾದರೆ ಪಕ್ಕದ ಪೆಗುಚೆ, ಅಗಾತೊ ಹಳ್ಳಿಗಳಿಗೆ ನಡೆಯಿರಿ.

ಕ್ವೆಂಕಾ ಮತ್ತು ಗ್ವಲಾಸೆಯೊ

ಇದರ ಹೆಸರು ನಮ್ಮಲ್ಲಿ ಯಾರೂ ಹೇಳುವುದಿಲ್ಲ, ಹೇಳಬೇಕು. ಎಕ್ವಡಾರ್‌ನ ದಕ್ಷಿಣದ ಕ್ವೆಂಕಾದಲ್ಲಿ ನದಿ, ನೀಲಿ ಗುಮ್ಮಟಗಳ ಚರ್ಚು, ನಡೆಯಲು ಸಲೀಸಾದ ಬೀದಿಗಳು. ಗ್ವಲಾಸೆಯೊ ಕಡೆ ನೇಯುವ ಮಕಾನಾ ಶಾಲು ಇಕ್ಕತ್ ನೇಯ್ಗೆ. ಪೋಚಂಪಲ್ಲಿ ಸೀರೆಯ ಹಾಗೆಯೇ, ನೂಲನ್ನು ಮೊದಲೇ ಅಲ್ಲಲ್ಲಿ ಬಿಗಿಯಾಗಿ ಕಟ್ಟಿ ಬಣ್ಣಕ್ಕೆ ಅದ್ದುತ್ತಾರೆ. ಕಟ್ಟುವುದಕ್ಕೆ ಕತ್ತಾಳೆ ನಾರು. ಆಮೇಲೆ ಸೊಂಟದ ಮಗ್ಗದಲ್ಲಿ ನೇಯ್ದು, ತುದಿಯ ಕುಚ್ಚನ್ನು ಗಂಟು ಹಾಕಿ ಹೂವಿನ ಚಿತ್ತಾರ ತೆಗೆಯುತ್ತಾರೆ. ಸೀರೆಯ ಸೆರಗಿಗೆ ಕುಚ್ಚು ಕಟ್ಟಿ ಗೊತ್ತಿರುವವರು ಆ ಕೆಲಸ ನೋಡಿದರೆ ಎದ್ದು ಬರುವುದಿಲ್ಲ. ಪನಾಮಾ ಟೋಪಿ ಹೆಣೆಯುವುದೂ ಈ ಸುತ್ತಮುತ್ತಲೇ. ಹೆಸರು ಪನಾಮಾ, ಊರು ಎಕ್ವಡಾರ್. ದೊಡ್ಡವರ ಜೊತೆ ಹೋಗುವವರಿಗೆ ನನ್ನ ಆಯ್ಕೆ ಇದು.

ಕೊಳ್ಳುವಾಗ

ಬಟ್ಟೆಯ ನಾಲ್ಕೂ ಅಂಚು ನೋಡಿ. ಆಂಡೀಸ್‌ನ ಹಳೇ ಪದ್ಧತಿಯ ನೇಯ್ಗೆಯಲ್ಲಿ ಕತ್ತರಿಸುವುದೇ ಇಲ್ಲ, ನಾಲ್ಕು ಕಡೆಯೂ ನೇಯ್ದ ಅಂಚೇ ಇರುತ್ತದೆ. ತಿರುಗಿಸಿ ನೋಡಿ, ಹಿಂದೆ ಅದೇ ಚಿತ್ತಾರ ಬಣ್ಣ ಅದಲುಬದಲಾಗಿ ಕಂಡರೆ ಕೈನೇಯ್ಗೆ ಇರಬಹುದು. ಅಕ್ರಿಲಿಕ್ ಎಳೆ ಸುಟ್ಟರೆ ಪ್ಲಾಸ್ಟಿಕ್ ಹಾಗೆ ಕರಗಿ ಗಟ್ಟಿ ಮಣಿಯಾಗುತ್ತದೆ, ಉಣ್ಣೆ ಸುಟ್ಟರೆ ಕೂದಲು ಸುಟ್ಟ ವಾಸನೆ. ಒಂದು ಒಳ್ಳೆ ಹೊದಿಕೆ ನೇಯಲು ವಾರಗಟ್ಟಲೆ ಬೇಕು. ಹಾಗಾಗಿ ನೇಯ್ದವಳ ಎದುರು ಕೂತು ತರಕಾರಿ ಸಂತೆಯ ಹಾಗೆ ಚೌಕಾಸಿ ಮಾಡಬೇಡಿ. ಹತ್ತು ಅಗ್ಗದ ಚೀಲ ತರುವ ಬದಲು ಒಂದು ಒಳ್ಳೆ ಬಟ್ಟೆ ತನ್ನಿ.

ಹೊರಡುವ ಮುಂಚೆ

ಪೆರು ಮತ್ತು ಬೊಲಿವಿಯಾಗೆ ಮೇಯಿಂದ ಸೆಪ್ಟೆಂಬರ್ ಒಣ ಹವೆ, ಡಿಸೆಂಬರ್‌ನಿಂದ ಮಾರ್ಚ್ ಮಳೆ. ಜೂನ್ 24ರ ಇಂತಿ ರಾಯ್ಮಿ, ಅಂದರೆ ಇಂಕಾಗಳ ಸೂರ್ಯನ ಹಬ್ಬದ ಸುತ್ತ ಕುಸ್ಕೊದಲ್ಲಿ ರೂಮು ಸಿಗುವುದೇ ಕಷ್ಟ. ವೀಸಾ ನಿಯಮ ಮೂರೂ ದೇಶಕ್ಕೆ ಬೇರೆ ಬೇರೆ, ಬದಲಾಗುತ್ತಲೂ ಇರುತ್ತದೆ, ಟಿಕೆಟ್ ಮಾಡುವ ಮುಂಚೆ ಆಯಾ ರಾಯಭಾರ ಕಚೇರಿಯ ಪುಟ ನೋಡಿ. ಹಳದಿ ಜ್ವರದ ಲಸಿಕೆಯನ್ನು ಮರೆಯಬೇಡಿ. ಈ ದೇಶಗಳಿಂದ ಭಾರತಕ್ಕೆ ವಾಪಸ್ ಬರುವಾಗ ಕಾರ್ಡ್ ಕೇಳುತ್ತಾರೆ, ಇಲ್ಲದಿದ್ದರೆ ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಲಸಿಕೆ ಹಾಕಿಸಿ ಹತ್ತು ದಿನ ಆದ ಮೇಲೇ ಅದು ಲೆಕ್ಕಕ್ಕೆ ಬರುತ್ತದೆ. ಅಲ್ಲಿ ಕೋಕಾ ಎಲೆಯ ಚಹಾ ಎಲ್ಲರೂ ಕೊಡುತ್ತಾರೆ, ಅಲ್ಲೇ ಕುಡಿದು ಬನ್ನಿ. ಎಲೆಯನ್ನಾಗಲಿ ಪುಡಿಯನ್ನಾಗಲಿ ಭಾರತಕ್ಕೆ ತರುವುದು ಕಾನೂನಿಗೆ ವಿರುದ್ಧ.

ಸಸ್ಯಾಹಾರಿಗಳು ಹೆದರಬೇಕಿಲ್ಲ. ಆಲೂಗಡ್ಡೆ ಹುಟ್ಟಿದ ನಾಡು ಅದು, ಅಲ್ವಾ? ಮೆಕ್ಕೆಜೋಳ, ಕಿನೊವಾ, ಚೀಸ್ ಎಲ್ಲ ಕಡೆ ಸಿಗುತ್ತದೆ. ಆದರೆ ಸೂಪಿಗೆ ಕೋಳಿಯ ನೀರು ಹಾಕಿರುತ್ತಾರೆ. 'ಸಿನ್ ಕಾರ್ನೆ' (ಮಾಂಸ ಇಲ್ಲದೆ) ಅಂತ ಹೇಳಿದರೆ ಕೆಲವರು ದನದ ಮಾಂಸ ಮಾತ್ರ ಬಿಡುತ್ತಾರೆ, 'ಸಿನ್ ಪೋಯೊ' (ಕೋಳಿ ಇಲ್ಲದೆ) ಅಂತಲೂ ಸೇರಿಸಿ ಹೇಳಿ.

ದಿನಗಳ ಲೆಕ್ಕ ಹಾಕುವಾಗ ಸಂತೆಯ ವಾರದಿಂದ ಹಿಂದಕ್ಕೆ ಎಣಿಸಿ. ಸುಕ್ರೆಗಾದರೆ ಗುರುವಾರ ತಲುಪಿ, ಶುಕ್ರವಾರ ಸುಮ್ನೆ ಓಡಾಡಿ, ಶನಿವಾರ ಅಸುರ್ ನೋಡಿ. ಭಾನುವಾರ ಬೆಳಿಗ್ಗೆ ಮೊದಲ ವ್ಯಾನಿಗೇ ತರಾಬುಕೊಗೆ ಹೊರಡಿ, ಪ್ರವಾಸಿ ಬಸ್ಸುಗಳು ಬರುವ ಮುಂಚೆ ಹಳ್ಳಿಯವರು ತಮ್ಮತಮ್ಮಲ್ಲೇ ಉಣ್ಣೆ, ಬಣ್ಣದ ನೂಲು ಕೊಳ್ಳುತ್ತಿರುತ್ತಾರೆ.